ಉತ್ತರ ಮೊದಲೇ ಗೊತ್ತಿದ್ದರೆ ಅದು ಪ್ರಯೋಗವೇ?



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪದವಿ ಕಾಲೇಜುಗಳಲ್ಲಿ ವಿಜ್ಞಾನದ ಅಧ್ಯಾಪಕರಾಗಿದ್ದಾರೆ. ಅವರ ಮನಸ್ಸಿಗೆ ತುಸು ನೋವಾದರೂ ಸರಿಯೇ, ಈ ಮಾತನ್ನು ಹೇಳಲೇಬೇಕಾಗಿದೆ. ನಮ್ಮ ಬಿ.ಎಸ್‌ಸಿ. ತರಗತಿಗಳಲ್ಲಿ ‘ಪ್ರಾಕ್ಟಿಕಲ್ಸ್’ ಎಂಬ ಹೆಸರಿನಲ್ಲಿ ನಡೆಯುವುದರಲ್ಲಿ ಬಹುಪಾಲು ಕಾಪಿ ಬರೆಯುವ ಅಭ್ಯಾಸ.

ನಾನು ಪದವಿ ಓದಿದ್ದು 1970ರ ದಶಕದಲ್ಲಿ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದಲ್ಲಿ ನನಗೆ ಬಂದ ಉತ್ತರ 9.5. ಅದನ್ನೇ ಬರೆದೆ. ಪಕ್ಕದ ಮೇಜಿನವರು ಹಿಂದಿನ ವರ್ಷದ ರೆಕಾರ್ಡ್ ಪುಸ್ತಕವನ್ನು ಮುಂದಿಟ್ಟುಕೊಂಡು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಲೋಲಕದ ಕಾಲವನ್ನು ‘ಅಳೆದರು’. ಅವರಿಗೆಲ್ಲ 9.81 ಬಂದಿತು, ಪೂರ್ಣ ಅಂಕವೂ ಬಂದಿತು. ನನ್ನ ಪುಟದ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿತು. 9.5 ಏಕೆ ಬಂತು? ದಾರ ಹಿಗ್ಗುತ್ತಿತ್ತೇ? ಸ್ಟಾಪ್‌ವಾಚ್ ಮುಂದೋಡುತ್ತಿತ್ತೇ? ಯಾರೂ ಕೇಳಲಿಲ್ಲ. ವಿಜ್ಞಾನ ಆರಂಭವಾಗಬೇಕಾದದ್ದು ಆ ಪ್ರಶ್ನೆಯಿಂದಲೇ ಅಲ್ಲವೇ? ವಿನೋದವೆಂದರೆ, ಸಮಭಾಜಕ ವೃತ್ತಕ್ಕೆ ಸಮೀಪದಲ್ಲಿಯೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿಯೂ ಇರುವ ಬೆಂಗಳೂರಿನಲ್ಲಿ ಅದರ ನಿಜವಾದ ಬೆಲೆ ಸುಮಾರು 9.78. ಪುಸ್ತಕದ 9.81 ಇಲ್ಲಿನದೇ ಅಲ್ಲ!

ಕಾಲ ಬದಲಾಗಿದೆ ಎನ್ನುವಿರಾ? ಈಗ ಹಳೆಯ ರೆಕಾರ್ಡ್ ವಾಟ್ಸಾಪಿನಲ್ಲಿ ಬರುತ್ತದೆ, ಬದಲಾವಣೆ ಅಷ್ಟೇ.

ಆದರೆ ಅದೇ ಉಪಕರಣಗಳಿಂದ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದ ಸಿ. ವಿ. ರಾಮನ್ ಸ್ಪೆಕ್ಟ್ರೋಮೀಟರಿನಲ್ಲಿ ಗಾಜಿನ ಪ್ರಿಸಂನ ಕೋನವನ್ನು ಅಳೆಯುತ್ತಿದ್ದರು. ನಮ್ಮ ಮಕ್ಕಳು ಇಂದಿಗೂ ಮಾಡುವ ಪ್ರಯೋಗವದು. ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕಿನ ಎರಡು ಪಕ್ಕದ ಪಟ್ಟಿಗಳು ಒಂದೇ ಅಗಲ ಇಲ್ಲದಿರುವುದು ಅವರ ಕಣ್ಣಿಗೆ ಬಿತ್ತು. ‘ಇದು ಸಿಲೆಬಸ್ಸಿನಲ್ಲಿಲ್ಲ’ ಎಂದು ಬಿಡದೆ ಬೆನ್ನುಹತ್ತಿದರು. 1906ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರ ಮೊದಲ ಪ್ರಬಂಧ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಪ್ರಕಟವಾಯಿತು.

ಎಲ್ಲರೂ ರಾಮನ್ ಆಗುವರೇ ಎಂದು ಕೇಳಬಹುದು. ಆಗಬೇಕಾಗಿಯೂ ಇಲ್ಲ. ಅಮೆರಿಕದ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರೊಡನೆ 2008ರಲ್ಲಿ ಪದವಿಯ ಮೊದಲ ವರ್ಷದ ಸಾಮಾನ್ಯ ವಿದ್ಯಾರ್ಥಿಗಳಿಗಾಗಿ ಒಂದು ಕೋರ್ಸನ್ನು ಆರಂಭಿಸಿತು. ವಿದ್ಯಾರ್ಥಿಯು ಹಿತ್ತಲಿನ ಒಂದು ಹಿಡಿ ಮಣ್ಣು ತರಬೇಕು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಫೇಜ್ ಎಂಬ ವೈರಸ್ಸುಗಳು ಮಣ್ಣಿನಲ್ಲಿರುತ್ತವೆ. ಬ್ಯಾಕ್ಟೀರಿಯಾ ಬೆಳೆದು ಮಸುಕಾದ ತಟ್ಟೆಯಲ್ಲಿ ತಿಳಿಯಾದ ಚುಕ್ಕೆ ಕಂಡರೆ ಅಲ್ಲಿ ಫೇಜ್ ಇದೆಯೆಂದರ್ಥ. ಅದನ್ನು ಬೇರ್ಪಡಿಸಿ ಹೆಸರಿಡುವ ಹಕ್ಕು ಆ ವಿದ್ಯಾರ್ಥಿಯದೇ.

ಇದೇ ಬಗೆಯ ಕೋರ್ಸಿನಲ್ಲಿ 2010ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನ ಲಿಲ್ಲಿ ಹೋಲ್ಸ್ಟ್ ಎಂಬ ವಿದ್ಯಾರ್ಥಿನಿ ಕೊಳೆತ ಬದನೆಕಾಯಿಯೊಂದರಿಂದ ಫೇಜ್ ತೆಗೆದು ‘ಮಡ್ಡಿ’ ಎಂದು ಹೆಸರಿಟ್ಟರು (ನಮ್ಮ ಎಣ್ಣೆಯ ಮಡ್ಡಿಯಲ್ಲ, ಇಂಗ್ಲಿಷಿನಲ್ಲಿ ‘ಕೆಸರಾದದ್ದು’ ಎಂದರ್ಥ). 2018ರಲ್ಲಿ ಲಂಡನ್ನಿನಲ್ಲಿ ಶ್ವಾಸಕೋಶದ ಕಸಿಯ ಬಳಿಕ ಯಾವ ಔಷಧಕ್ಕೂ ಬಗ್ಗದ ಸೋಂಕಿನಿಂದ ನರಳುತ್ತಿದ್ದ ಹದಿನೈದರ ಬಾಲಕಿಗೆ ಮೂರು ಫೇಜ್‌ಗಳ ಮಿಶ್ರಣವನ್ನು ಕೊಟ್ಟರು. ಅವುಗಳಲ್ಲಿ ಒಂದು ಈ ಮಡ್ಡಿ. ಬಾಲಕಿ ಚೇತರಿಸಿಕೊಂಡಳು. 2019ರಲ್ಲಿ ಆ ವರದಿ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು.

ನಮ್ಮಲ್ಲಿಯೂ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, ಸಂಶೋಧನೆಯನ್ನು ಕೊನೆಯ ವರ್ಷಕ್ಕೆ ಕಾದಿರಿಸಿದರು. 2024ರಲ್ಲಿ ರಾಜ್ಯ ಮೂರು ವರ್ಷಕ್ಕೆ ಮರಳಿತು. ವರ್ಷಗಳ ಲೆಕ್ಕದ ಜಗಳ ನನಗೆ ಬೇಡ. ಊಟದ ಕೊನೆಗೆ ಬಡಿಸುವ ಪಾಯಸದಂತೆ ಸಂಶೋಧನೆಯನ್ನು ಕಾದಿರಿಸುವುದೇ ತಪ್ಪು. ಅದು ಮೊದಲ ತುತ್ತಿನಲ್ಲಿಯೇ ಇರಬೇಕು.

“ಸಾರ್, ನಮ್ಮಲ್ಲಿ ಹಣವೆಲ್ಲಿದೆ?” ಎಂಬ ಮಾತು ಕೇಳಿಸುತ್ತಿದೆ. ವೈರಸ್ಸಿನ ತಳಿಸಂಕೇತ ಓದಲು ಹಣ ಬೇಕು, ನಿಜ. ಆದರೆ ನೀರಿನ ಗಡಸುತನವನ್ನು ಅಳೆಯುವ ಇಡಿಟಿಎ ಪ್ರಯೋಗ ರಸಾಯನಶಾಸ್ತ್ರದ ಪ್ರತಿಯೊಂದು ಲ್ಯಾಬಿನಲ್ಲಿಯೂ ನಡೆಯುತ್ತದೆ. ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಟ್ಟರೆ ಕೆಂಪು ನೀಲಿಯಾಗುತ್ತದೆ. ಅಟೆಂಡರ್ ಕಲಸಿಟ್ಟ ನೀರಿಗೆ ಬದಲಾಗಿ, ಒಬ್ಬೊಬ್ಬರೂ ತಮ್ಮೂರಿನ ಕೊಳವೆಬಾವಿಯ ನೀರು ತರಲಿ. ನಲವತ್ತು ಮಕ್ಕಳು, ನಲವತ್ತು ಬಾವಿಗಳು; ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ. ಒಂದೇ ನೀರನ್ನು ಇಬ್ಬರು ಬೇರೆಬೇರೆಯಾಗಿ ಅಳೆಯಲಿ. ಉತ್ತರ ಕೂಡದಿದ್ದರೆ ಏಕೆಂದು ಹುಡುಕಲಿ, ಆ ಹುಡುಕಾಟಕ್ಕೆ ಅಂಕ ಕೊಡಿ. ಈ ಉತ್ತರ ಯಾವ ಗೈಡಿನಲ್ಲಿಯೂ ಇಲ್ಲ, ಆದ್ದರಿಂದ ಕಾಪಿ ಹೊಡೆಯಲು ಸಾಧ್ಯವೇ ಇಲ್ಲ.

ನಿಜವಾದ ಅಡ್ಡಿ ಹಣವಲ್ಲ, ಅಂಜಿಕೆ. “ಇದು ನನಗೂ ಗೊತ್ತಿಲ್ಲ, ನೋಡೋಣ” ಎಂದರೆ ಮೇಷ್ಟ್ರ ಗೌರವ ಹೋದೀತೆಂಬ ಅಂಜಿಕೆ. ಮೂರು ದಶಕ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ, ಆ ಮಾತು ಕೇಳಿದಾಗಲೇ ಮಕ್ಕಳ ಬೆನ್ನು ನೆಟ್ಟಗಾಗುವುದು.

ಅಧ್ಯಾಪಕರಾಗಿರುವ ನನ್ನ ಶಿಷ್ಯರೇ, ಈ ಸೆಮಿಸ್ಟರಿನಲ್ಲಿ ನಿಮಗೇ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಯೋಗವನ್ನು ಮಾಡಿಸಿ. ಬಂದ ಉತ್ತರ ಏನೇ ಇರಲಿ, ನನಗೂ ಬರೆದು ತಿಳಿಸಿ.