ಆ ಪ್ರಶ್ನೆ ಯಾಕೆ ಕೇಳಲಿಲ್ಲ, ಸಂಸದರೇ?

ಮಾನ್ಯ ಲೋಕಸಭಾ ಸದಸ್ಯರೇ,

1993ರ ಮುಂಬೈ ಸರಣಿ ಸ್ಫೋಟಗಳಲ್ಲಿ ಸತ್ತವರ ನೆನಪಿಗೆ ಊರಿನವರು ಸೇರಿದ್ದ ಸಭೆಗೆ ತಾವು ಬಂದಿದ್ದಿರಿ. ನನ್ನ ಅತ್ತಿಗೆಯ ಎದುರು ನಿಂತು, ‘ವೋಹ್ರಾ ವರದಿ ಏನಾಯಿತೆಂದು ಮುಂದಿನ ಅಧಿವೇಶನದಲ್ಲೇ ಕೇಳುತ್ತೇನಮ್ಮ’ ಎಂದಿರಿ. ಅಧಿವೇಶನಗಳು ಬಂದವು, ಹೋದವು. ಪತ್ರ ಬರೆದೆ, ಫೋನ್ ಮಾಡಿದೆ, ಕಚೇರಿಗೂ ಬಂದೆ. ‘ಹಳೇ ವಿಷಯ, ಬಿಡಿ ಸಾರ್’ ಎಂದರು ತಮ್ಮ ಆಪ್ತ ಸಹಾಯಕರು. ಹಾಗಾಗಿ ಎಲ್ಲರೆದುರೇ ಕೇಳುತ್ತಿದ್ದೇನೆ.

1993ರ ಮಾರ್ಚ್ 12ರಂದು 257 ಜನ ಸತ್ತರು. ನಮ್ಮಣ್ಣ ಷೇರುಪೇಟೆ ಕಟ್ಟಡದ ಹತ್ತಿರದ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ಮಧ್ಯಾಹ್ನ ಒಂದೂವರೆ, ಊಟದ ಗಿರಾಕಿಗಳ ಹೊತ್ತು. ಚಿಲ್ಲರೆ ತರಲೆಂದು ರಸ್ತೆಗಿಳಿದಿದ್ದ. ಅವನ ಜೇಬಿನಲ್ಲಿ ಸಿಕ್ಕಿದ್ದು ಅಂದು ಬೆಳಿಗ್ಗೆ ಊರಿಗೆ ಕಳಿಸಿದ ಮನಿಯಾರ್ಡರಿನ ರಸೀದಿ. ಅತ್ತಿಗೆ ಅದನ್ನು ನಿಮಗೆ ತೋರಿಸಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನೀವು ಮಾತು ಕೊಟ್ಟಿದ್ದು.

ಆ ಸ್ಫೋಟಗಳಿಗೆ ಬಳಸಿದ ಆರ್‌ಡಿಎಕ್ಸ್ ಇಳಿದದ್ದು ರಾಯಗಡದ ಶೇಖಾಡಿ, ದಿಘಿ ತೀರಗಳಲ್ಲಿ. ಬೆಳ್ಳಿ, ಬಂಗಾರ ಸಾಗಿಸುತ್ತಿದ್ದವರು ವರ್ಷಗಟ್ಟಲೆ ದುಡ್ಡು ಚೆಲ್ಲಿ ಮಾಡಿಟ್ಟ ದಾರಿಯದು. ಹಣ ಪಡೆದು ಬಿಟ್ಟ ಕಸ್ಟಮ್ಸ್‌ನವರಿಗೂ ಪೊಲೀಸರಿಗೂ ಟಾಡಾ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಯಾಕೂಬ್ ಮೆಮನ್‌ಗೆ 2015ರಲ್ಲಿ ಗಲ್ಲಾಯಿತು. ಸಂಚಿನ ಮುಖ್ಯ ಆರೋಪಿಗಳಾದ ದಾವೂದ್, ಟೈಗರ್ ಮೆಮನ್ ಸಿಗಲಿಲ್ಲ. ಸರಿ, ಇವರನ್ನೆಲ್ಲ ಇಲ್ಲೇ ಬೆಳೆಸಿದವರು, ಕಾಪಾಡಿದವರು?

ಅದನ್ನು ನೋಡಲೆಂದೇ 1993ರ ಜುಲೈನಲ್ಲಿ ಅಂದಿನ ಗೃಹ ಕಾರ್ಯದರ್ಶಿ ಎನ್.ಎನ್. ವೋಹ್ರಾ ಅವರ ಸಮಿತಿ ಆಯಿತು. ಪಾತಕಿಗಳು, ಅಧಿಕಾರಿಗಳು, ರಾಜಕಾರಣಿಗಳ ನಂಟಿನ ಬಗ್ಗೆ ಅಕ್ಟೋಬರ್‌ನಲ್ಲೇ ವರದಿ ಕೊಟ್ಟಿತು. 1995ರವರೆಗೆ ಅದು ಸಂಸತ್ತಿಗೆ ಬರಲಿಲ್ಲ. ಬಂದಾಗಲೂ ಕೆಲವೇ ಪುಟ, ಹೆಸರುಗಳಿಲ್ಲ. ಹಿನ್ನೆಲೆ ದಾಖಲೆ ಬಹಿರಂಗಪಡಿಸಲು 1997ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಗೊತ್ತು. ಆದರೆ ಈ ನಂಟಿನ ತನಿಖೆಯ ಮೇಲೆ ಕಣ್ಣಿಡಲು ಉನ್ನತ ಸಮಿತಿ ಬೇಕು ಎಂದು ಅದೇ ತೀರ್ಪು ಹೇಳಿತ್ತಲ್ಲ? ಅದೇನಾಯಿತೆಂದಾದರೂ ಕೇಳಬಹುದಿತ್ತು. ಒಂದು ಚುಕ್ಕೆ ಗುರುತಿನ ಪ್ರಶ್ನೆ. ಅಷ್ಟೂ ಆಗಲಿಲ್ಲ ನಿಮ್ಮಿಂದ.

ಹಳೇ ವಿಷಯವಂತೆ! 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದ ಕಸಬ್‌ನ ತಂಡ ಬಂದದ್ದೂ ಕಡಲಿನಿಂದಲೇ. 2021ರಲ್ಲಿ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲೆಂದು ತಂದ ಕಂಟೇನರುಗಳಲ್ಲಿ ಸುಮಾರು 3,000 ಕಿಲೋ ಅಫ್ಘನ್ ಹೆರಾಯಿನ್ ಸಿಕ್ಕಿತು. ದಾರಿ ಮುಚ್ಚಿಲ್ಲ, ಸರಕು ಬದಲಾಗಿದೆ. ನೀವು ಮಾತ್ರ ಮಲ್ಪೆಯ ಮೀನುಗಾರನ ಗುರುತಿನ ಚೀಟಿ ನೋಡುತ್ತೀರಿ; ದೊಡ್ಡವರ ಹೆಸರು ಬಂದರೆ ದೇಶದ ಭದ್ರತೆ ಎನ್ನುತ್ತೀರಿ. ಯಾರ ಭದ್ರತೆ? ಪ್ರತಿ ಚುನಾವಣೆಯಲ್ಲೂ ಉಗ್ರರನ್ನು ಮಟ್ಟಹಾಕುತ್ತೇವೆಂದು ಗುಡುಗುವ ನಿಮ್ಮ ಪಕ್ಷವೂ ಎದುರು ಪಕ್ಷವೂ ಈ ಕಡತ ತೆಗೆಯುವ ವಿಷಯದಲ್ಲಿ ಒಂದೇ. ನಮ್ಮ ಮೂಗಿಗೆ ತುಪ್ಪ ಸವರಿದ್ದು ಸಾಕು.

ಬರುವ ಅಧಿವೇಶನದಲ್ಲಿ ಪ್ರಶ್ನೆ ಕೇಳಿ, ಉತ್ತರದ ಪ್ರತಿಯನ್ನು ಅತ್ತಿಗೆಗೆ ಕಳಿಸಿಕೊಡಿ. ಕೇಳುವುದಿಲ್ಲವೆಂದಾದರೆ, ಯಾರಿಗೆ ಹೆದರಿ ಕೇಳುತ್ತಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ