ವೇತನದ ನ್ಯಾಯ ಎಲ್ಲರಿಗೂ ಒಂದೇ ಇರಲಿ

ಸರಕಾರಿ ನೌಕರರ ವೇತನ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ‘ನಮ್ಮ ತೆರಿಗೆಯ ಹಣ ಅವರ ಸಂಬಳಕ್ಕೆ’ ಎಂದು ಗೊಣಗುವುದು ವರ್ತಕರಾದ ನಮ್ಮಲ್ಲಿ ರೂಢಿ. ಆ ಹಣ ಎಲ್ಲಿಗೆ ಮರಳುತ್ತದೆ ಎಂಬುದನ್ನೂ ಗಮನಿಸಬೇಕು. ಪೆರಾಬೆಯಂತಹ ಊರುಗಳ ವ್ಯಾಪಾರ ಅಡಿಕೆ, ರಬ್ಬರುಗಳನ್ನು ನಂಬಿದೆ. ಮಳೆಗಾಲದಲ್ಲಿ ಕೃಷಿಕರ ಕೈ ಬರಿದಾದಾಗ ಅಂಗಡಿಗೆ ಆಸರೆಯಾಗುವುದು ತಿಂಗಳ ಸಂಬಳದವರೇ.

ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000 ರೂ.ಗಳಿಂದ 27,000 ರೂ.ಗಳಿಗೆ ಏರಿತು. ಇದರಲ್ಲಿ ಶೇ. 31 ತುಟ್ಟಿಭತ್ಯೆಯ ವಿಲೀನವಷ್ಟೇ. ಹೊಸ ಹೆಚ್ಚಳ ಶೇ. 27.5. ಬೆಲೆಯೇರಿಕೆಯ ಕಾಲದಲ್ಲಿ ಇದು ಅತಿಯಲ್ಲ.

ಅನ್ಯಾಯವಿರುವುದು ಬೇರೆಡೆ. ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯರಿಗೆ ವೇತನಶ್ರೇಣಿಯೂ ಇಲ್ಲ, ತುಟ್ಟಿಭತ್ಯೆಯೂ ಇಲ್ಲ. ಮಾಸಿಕ ಕನಿಷ್ಠ 10,000 ರೂ.ಗಳ ಭರವಸೆ ಪಡೆಯಲು ಅವರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಯಿತು. ಅಕ್ಕಿಯ ದರವಾದರೋ ಎಲ್ಲರಿಗೂ ಒಂದೇ.

ನಮ್ಮ ಅಂಗಡಿಯ ಕೆಲಸಗಾರರ ಕನಿಷ್ಠ ವೇತನಕ್ಕೆ ಬೆಲೆ ಸೂಚ್ಯಂಕದಂತೆ ತುಟ್ಟಿಭತ್ಯೆ ಸೇರಿಸಬೇಕೆಂದು ಸರಕಾರ ನಮಗೆ ವಿಧಿಸುತ್ತದೆ. ಅದು ನ್ಯಾಯವೇ. ಅದೇ ನಿಯಮವನ್ನು ಗೌರವಧನಕ್ಕೂ ಅನ್ವಯಿಸುವಂತೆ ವರ್ತಕ ಸಮುದಾಯವು ಒತ್ತಾಯಿಸುವುದು ಉಚಿತ. ಅದರಿಂದ ಅವರ ಬಾಳು ಹಗುರವಾಗುವುದು. ನಮ್ಮ ಉದ್ದರಿ ಪುಸ್ತಕವೂ ಹಗುರವಾಗುವುದು.