ಮನೆಯೊಳಗಿನ ಭಗವತ್ಪ್ರೇಮ

ಆಷಾಢ ಶುದ್ಧ ಏಕಾದಶಿಯು ಸಮೀಪಿಸಿತೆಂದರೆ ನಮ್ಮ ಬೆಳಗಾವಿ ಸೀಮೆಯ ಅನೇಕ ಊರುಗಳಿಂದ ಪಂಢರಪುರದ ಕಡೆಗೆ ದಿಂಡಿಗಳು ಹೊರಡುತ್ತವೆ. ಮುಂಗಾರಿನ ಬಿತ್ತಿಗೆಯನ್ನು ಮುಗಿಸಿದ ಒಕ್ಕಲಿಗನು ಕೊರಳಲ್ಲಿ ತುಳಸೀಮಾಲೆಯನ್ನು ಧರಿಸಿ, ಕೈಯಲ್ಲಿ ತಾಳ ಹಿಡಿದು, ಮಳೆ-ಗಾಳಿಗಳನ್ನು ಲೆಕ್ಕಿಸದೆ ಭೀಮಾತೀರದ ಹಾದಿಯನ್ನು ತುಳಿಯುವ ದೃಶ್ಯವು ಕಣ್ಣಿಗೆ ತಂಪನ್ನೀಯುವಂಥದು. ಹಿರಿಯ-ಕಿರಿಯರೆನ್ನದೆ ಒಬ್ಬರ ಪಾದವನ್ನೊಬ್ಬರು ಮುಟ್ಟಿ ನಮಸ್ಕರಿಸುವ ವಾರಕರಿಗಳ ಪದ್ಧತಿಯಿಂದ ನಮ್ಮಂಥ ಪೇಟೆಯವರು ಕಲಿಯತಕ್ಕುದು ಬಹಳವಿದೆ. ಇಂಥ ಯಾತ್ರೆಯನ್ನು ನಾವು ಮನಃಪೂರ್ವಕವಾಗಿ ಗೌರವಿಸುತ್ತೇವೆ. ಗೌರವಿಸುವದರಿಂದಲೇ ಯಾತ್ರಿಕರ ಮುಂದೆಯೂ, ಯಾತ್ರೆಗೆ ಹೋಗದ ನಮ್ಮ ವಾಚಕರ ಮುಂದೆಯೂ ಇಂದು ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ.

ಪಂಢರಪುರದ ದೇವರು ಟೊಂಕದ ಮೇಲೆ ಕೈಯಿಟ್ಟು ಇಟ್ಟಂಗಿಯ ಮೇಲೆ ನಿಂತಿದ್ದಾನೆ. ಯಾಕೆ ನಿಂತಿದ್ದಾನೆಂಬದನ್ನು ನಮ್ಮ ಕಡೆಯ ಸಣ್ಣ ಹುಡುಗನೂ ಬಲ್ಲನು. ಪುಂಡಲೀಕನು ವೃದ್ಧ ತಾಯಿ-ತಂದೆಗಳ ಕಾಲೊತ್ತುತ್ತ ಕುಳಿತಿದ್ದಾಗ ಭಗವಂತನು ತಾನಾಗಿಯೇ ಆತನ ಬಾಗಿಲಿಗೆ ಬಂದನು. ಭಕ್ತನು ಎದ್ದು ಓಡಿ ಬರಲಿಲ್ಲ. ಕೈಗೆ ಸಿಕ್ಕ ಇಟ್ಟಂಗಿಯೊಂದನ್ನು ಹೊರಕ್ಕೆ ಎಸೆದು, ಸೇವೆಯು ಮುಗಿಯುವ ವರೆಗೆ ಅದರ ಮೇಲೆ ನಿಲ್ಲಬೇಕೆಂದು ಹೇಳಿದನು. ದೇವರು ಸಿಟ್ಟಾಗಲಿಲ್ಲ, ನಿಂತನು. ಇದೇ ಪುಂಡಲೀಕನು ಹಿಂದೆ ಹೆತ್ತವರನ್ನು ಕಡೆಗಣಿಸಿ ಕಾಶೀಯಾತ್ರೆಗೆ ಹೊರಟವನು, ಹಾದಿಯಲ್ಲಿ ಕಣ್ಣು ತೆರೆದು ಮನೆಗೆ ತಿರುಗಿದವನು ಎಂದೂ ಸ್ಥಳಪುರಾಣವು ಹೇಳುತ್ತದೆ. ಯಾತ್ರೆಯಿಂದ ಮನೆಗೆ ತಿರುಗಿ ಬಂದವನ ಸಲುವಾಗಿ ದೇವರು ನಿಂತ ಸ್ಥಳವೇ ನಮಗೆ ಮಹಾಯಾತ್ರೆಯ ಸ್ಥಳವಾಯಿತು! ಹೀಗಿದ್ದು, ಆ ಇಟ್ಟಂಗಿಯನ್ನು ನೋಡಲು ಹೊರಟ ನಾವು ಮನೆಯ ಪಡಸಾಲೆಯಲ್ಲಿ ಕುಳಿತ ಮುದುಕಿಯ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿರುವೆವೋ? ನಮ್ಮ ಪ್ರಶ್ನೆಯು ಇಷ್ಟೇ.

ಈ ಪ್ರಶ್ನೆಯನ್ನು ಪರರಿಗೆ ಹಾಕುವ ಮುಂಚೆ ನಮಗೆ ನಾವೇ ಹಾಕಿಕೊಳ್ಳುವದು ನ್ಯಾಯ. ಪತ್ರಿಕೆಯ ಆರಂಭದ ದಿನಗಳಲ್ಲಿ ಅಚ್ಚಿನ ಕೆಲಸವು ಮುಗಿಯಬೇಕಾದರೆ ನಡುರಾತ್ರಿ ಮೀರುತ್ತಿತ್ತು. ಎಷ್ಟು ಹೊತ್ತಿಗೆ ಮನೆಗೆ ಹೋದರೂ ಒಲೆಯ ಬದಿಗೆ ಬುಟ್ಟಿಯಲ್ಲಿ, ಅರಿವೆಯ ಕೆಳಗೆ, ಎರಡು ಜೋಳದ ರೊಟ್ಟಿಗಳೂ ಪಲ್ಯವೂ ಇರುತ್ತಿದ್ದವು. ನಮ್ಮ ತಾಯಿಯವರು ಗೋಡೆಗೆ ಆತು ಕುಳಿತಿರುತ್ತಿದ್ದರು. ನಾವು ಉಂಡು ಮಲಗುತ್ತಿದ್ದೆವು. ಮರುದಿನ ಬಂದು ಭಕ್ತಿಯ ವಿಷಯವಾಗಿ, ತ್ಯಾಗದ ವಿಷಯವಾಗಿ ಕಾಲಮುಗಟ್ಟಲೆ ಬರೆಯುತ್ತಿದ್ದೆವು. “ಅವ್ವಾ, ನೀನು ಉಂಡೆಯಾ?” ಎಂದು ಕೇಳಿದ ನೆನಪು ಮಾತ್ರ ನಮಗಿಲ್ಲ. ಅವರು ತೀರಿಕೊಂಡ ಬಳಿಕ ಒಂದು ರಾತ್ರಿ ತಡವಾಗಿ ಹೋಗಿ ಬರಿದಾದ ಆ ಬುಟ್ಟಿಯನ್ನು ಕಂಡಾಗ, ಅಷ್ಟು ವರ್ಷ ನಮ್ಮನ್ನು ಕಾಯುತ್ತಿದ್ದುದು ಯಾವ ಪ್ರೇಮವೆಂಬದು ತಿಳಿಯಿತು. ತಿಳಿದು ಮಾಡುವದೇನು? ಆಗ ಇಟ್ಟಂಗಿಯ ಮೇಲೆ ನಿಂತಿದ್ದವರು ಹೊರಟು ಹೋಗಿದ್ದರು.

ಭಗವಂತನ ಪ್ರೇಮವೆಂದರೆ ಏನು? ಪಂಡಿತರು ಇದಕ್ಕೆ ಅನೇಕ ಲಕ್ಷಣಗಳನ್ನು ಹೇಳಿದ್ದಾರೆ. ಆದರೆ ನಮ್ಮ ನಾಡಿನ ಸಂತರು ಅದನ್ನು ಜನರಿಗೆ ಹೇಳಬೇಕಾಗಿ ಬಂದಾಗ ಯಾವ ಮಾತುಗಳನ್ನು ಬಳಸಿದರೆಂಬದನ್ನು ಗಮನಿಸಿರಿ. ವಾರಕರಿಗಳು ವಿಠೋಬನನ್ನು ‘ಮಾವುಲಿ’, ಅಂದರೆ ತಾಯಿ, ಎಂದು ಕರೆದರು. ಹರಿದಾಸರು ಶ್ರೀಕೃಷ್ಣನನ್ನು ಯಶೋದೆಯ ಮಡಿಲಿನ ತುಂಟ ಕೂಸನ್ನಾಗಿ ಕಂಡು ಹಾಡಿದರು. ಹನ್ನೆರಡನೆಯ ಶತಮಾನದ ಶರಣರು ತಮ್ಮನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದರು. ತಾಯಿ, ಕೂಸು, ಗಂಡ, ಹೆಂಡತಿ, ಗೆಳೆಯ, ಒಡೆಯ, ಆಳು—ಇವಿಷ್ಟೂ ಮನೆಯೊಳಗಿನ, ಓಣಿಯೊಳಗಿನ ಮಾತುಗಳು. ಇವುಗಳನ್ನು ಬಿಟ್ಟು ಆ ಪ್ರೇಮವನ್ನು ಹೇಳುವ ಬೇರೆ ಮಾತು ಆ ಮಹಾನುಭಾವರಿಗೂ ಸಿಗಲಿಲ್ಲ. ಆದುದರಿಂದ ನಾವು ಹೇಳುವದೇನೆಂದರೆ, ಮನೆಯಲ್ಲಿ ‘ತಾಯಿ’ ಎಂಬ ಮಾತಿಗೆ ಅರ್ಥವು ಉಳಿಯದಿದ್ದರೆ ಗುಡಿಯಲ್ಲಿಯೂ ಆ ಮಾತಿಗೆ ಅರ್ಥವು ಉಳಿಯಲಾರದು. ಬಾವಿ ಬತ್ತಿದ ಮೇಲೆ ಕೊಡವು ಬೆಳ್ಳಿಯದಾದರೇನು, ಮಣ್ಣಿನದಾದರೇನು?

ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯು ಎಲ್ಲರಿಗೂ ತಿಳಿದದ್ದೇ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಏರಿಸದೆ, ಹೆಚ್ಚಾದುದನ್ನು ತಿರುಗಿ ಒಯ್ದು ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಆಕೆಯು ಹಟ್ಟಿಯ ಬಾಗಿಲಲ್ಲಿ ನಿಂತು ಆಡಿದ ಮಾತಿನಿಂದ ಗಂಡನ ಆಶೆಯು ಕರಗಿತು. ದೇವರು ಆ ದಿನ ಮಾರಯ್ಯನಿಗೆ ಯಾವ ರೂಪದಿಂದ ಬುದ್ಧಿ ಹೇಳಿದನೆಂದು ಕೇಳಿದರೆ, ಹೆಂಡತಿಯ ರೂಪದಿಂದ ಎನ್ನದೆ ಬೇರೆ ಉತ್ತರವಿಲ್ಲ. ಇಂದು ಕಚೇರಿಯಿಂದ ಮನೆಗೆ ಬರುವ ಅಧಿಕಾರಿಯ ಜೇಬು ನಿತ್ಯಕ್ಕಿಂತ ಭಾರವಾಗಿದ್ದಾಗ “ಇದೆಲ್ಲಿಂದ ಬಂತು?” ಎಂದು ಕೇಳುವ ಗೃಹಿಣಿಯು ಅದೇ ಪರಂಪರೆಯವಳು. ಆ ಪ್ರಶ್ನೆಯು ಕಹಿಯೆನಿಸಬಹುದು. ಅದರಲ್ಲಿಯೂ ಪ್ರೇಮವಿದೆಯೆಂದು ಗುರುತಿಸುವದು ವಿವೇಕ.

ಪ್ರೇಮದಲ್ಲಿ ಜಗಳಕ್ಕೂ ಸ್ಥಾನವಿದೆಯೆಂಬದನ್ನು ತೋರಿಸಿ ಕೊಟ್ಟ ಆಟವು ನಮ್ಮ ಸೀಮೆಯದೇ ಆಗಿದೆ. ಕುಲಗೋಡದ ತಮ್ಮಣ್ಣನಿಂದ ಬೆಳೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಮೆರೆದು, ಹಳ್ಳಿಗರು ಬೆಳತನಕ ಕುಳಿತು ನೋಡಿದ ಶ್ರೀಕೃಷ್ಣ ಪಾರಿಜಾತದಲ್ಲಿ ನಡೆಯುವದಾದರೂ ಏನು? ನಾರದರು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನು, ಸತ್ಯಭಾಮೆಯು ಮುನಿದಳು. ಹದಿನಾಲ್ಕು ಲೋಕಗಳ ಒಡೆಯನು ಮುನಿದ ಹೆಂಡತಿಯ ಮುಂದೆ ಬಂದು ಮಾತು ಕೇಳಿಸಿಕೊಂಡು ನಿಲ್ಲಬೇಕಾಯಿತು. ನೋಡುವ ಒಕ್ಕಲಿಗನು ನಗುತ್ತಾನೆ, ಯಾಕಂದರೆ ಅದು ಆತನ ಮನೆಯ ಕಥೆಯೂ ಹೌದು. ನಕ್ಕ ಮೇಲೆ ಸುಮ್ಮನಾಗುತ್ತಾನೆ, ಯಾಕಂದರೆ ದೇವರಿಗೆ ಸಹಿಸಲು ಬಂದ ಮಾತು ತನಗೆ ಯಾಕೆ ಸಹಿಸಲು ಬರುವದಿಲ್ಲವೆಂಬ ವಿಚಾರವು ಆತನನ್ನು ಮುಟ್ಟುತ್ತದೆ. ಮನೆಯವರ ದೂರನ್ನು ಕೇಳಿಸಿಕೊಳ್ಳಲಾರದವನ ಪ್ರಾರ್ಥನೆಯನ್ನು ದೇವರು ಕೇಳಿಸಿಕೊಳ್ಳಬೇಕೆಂಬದು ಯಾವ ನ್ಯಾಯ?

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಮನೆ-ಮಕ್ಕಳ ಮೇಲಿನ ಆಶೆಯನ್ನು ನಮ್ಮ ಹಿರಿಯರು ಮೋಹವೆಂದರಲ್ಲವೇ? ಅದನ್ನೇ ಭಗವತ್ಪ್ರೇಮವೆಂದು ಹೊಗಳಿದರೆ ಸ್ವಾರ್ಥಿಗಳಿಗೆ ಅನುಕೂಲವಾಗಲಿಕ್ಕಿಲ್ಲವೇ? ಈ ಆಕ್ಷೇಪವು ಕಡೆಗಣಿಸತಕ್ಕುದಲ್ಲ. ಲಂಚವನ್ನು ತೆಗೆದುಕೊಳ್ಳುವವನೂ ಮಕ್ಕಳ ಸಲುವಾಗಿಯೇ ಎಂದು ಹೇಳುತ್ತಾನೆ. ಬದುವನ್ನು ಒತ್ತುವವನೂ ಹಾಗೆಯೇ ಹೇಳುತ್ತಾನೆ. ಮೋಹಕ್ಕೂ ಪ್ರೇಮಕ್ಕೂ ಇರುವ ಭೇದವು ಮನೆಯ ಬಾಗಿಲಲ್ಲಿ ತಿಳಿಯುತ್ತದೆ. ಮೋಹವು ಬಾಗಿಲನ್ನು ಮುಚ್ಚುತ್ತದೆ, ಪ್ರೇಮವು ತೆರೆಯುತ್ತದೆ. ತನ್ನ ಮಗುವಿನ ಹಸಿವನ್ನು ನಿಜವಾಗಿ ಬಲ್ಲ ತಾಯಿಗೆ ಪರರ ಮಗುವಿನ ಹಸಿವು ತಿಳಿಯದೆ ಇರದು.

2019ರ ಅಗಸ್ಟ ತಿಂಗಳಲ್ಲಿ ಈ ಮಾತು ನಮ್ಮ ಕಣ್ಣಿಗೆ ಕಂಡಿತು. ಘಟಪ್ರಭೆಯು ದಂಡೆ ಮೀರಿ ಗೋಕಾಕ ಪಟ್ಟಣದ ಮನೆ-ಅಂಗಡಿಗಳನ್ನು ಹೊಕ್ಕಿತು; ಹೊಳೆಯ ದಂಡೆಯ ಹಳ್ಳಿಗಳ ಜನರು ಉಟ್ಟ ಬಟ್ಟೆಯ ಮೇಲೆ ಹೊರಬಿದ್ದರು. ಆಗ ನೀರು ಮುಟ್ಟದ ಊರುಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದರು. ಗಂಟುಗಟ್ಟಲೆ ರೊಟ್ಟಿ-ಚಟ್ನಿಗಳು ನಿರಾಶ್ರಿತರ ಕಡೆಗೆ ಹೋದವು. ಆ ರೊಟ್ಟಿಯನ್ನು ಬಡಿದ ಕೈಗೆ ಅದನ್ನು ತಿನ್ನುವ ಬಾಯಿಯ ಜಾತಿಯಾಗಲಿ ಧರ್ಮವಾಗಲಿ ತಿಳಿದಿರಲಿಲ್ಲ. ಹಿಂದೂ-ಮುಸಲ್ಮಾನ ಭಾವೈಕ್ಯಕ್ಕೆ ಹೆಸರಾದ ಸಾವಳಗಿಯ ಶಿವಲಿಂಗೇಶ್ವರ ಪೀಠವು ಗೋಕಾಕ ತಾಲೂಕಿನಲ್ಲಿಯೇ ಇದೆ; ಆ ಪೀಠವು ಸಾರಿದ ಪಾಠವನ್ನು ನಮ್ಮ ತಾಯಂದಿರು ಹಿಟ್ಟಿನ ಕೈಯಿಂದ ಮತ್ತೊಮ್ಮೆ ಬರೆದು ತೋರಿಸಿದರು. ನಿತ್ಯ ತನ್ನ ಮಕ್ಕಳಿಗೆ ರೊಟ್ಟಿ ಬಡಿದು ರೂಢಿಯಾದ ಕೈಯೇ ಅಂದು ಕಾಣದವರ ಮಕ್ಕಳಿಗೂ ಬಡಿಯಿತು. ಮನೆಯ ಪ್ರೇಮವು ಲೋಕದ ಪ್ರೇಮಕ್ಕೆ ಅಡ್ಡಿಯೆನ್ನುವವರು ಇದನ್ನು ವಿಚಾರಿಸಬೇಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳದಿದ್ದರೆ ನಾವು ಅಪರಾಧಿಗಳಾದೇವು. ಪ್ರೇಮದ ಹೆಸರಿನಿಂದ ಮನೆಯ ಭಾರವೆಲ್ಲವನ್ನೂ ಸೊಸೆಯ ಬೆನ್ನ ಮೇಲೆ ಹೇರಿ, ಗಂಡಸರು ಕಟ್ಟೆಯ ಮೇಲೆ ಕುಳಿತು ಮಾತೃಭಕ್ತಿಯ ವ್ಯಾಖ್ಯಾನ ಮಾಡುವ ಪದ್ಧತಿಯು ನಮ್ಮಲ್ಲಿದೆ. ಪುಂಡಲೀಕನು ತಾಯಿ-ತಂದೆಗಳ ಕಾಲನ್ನು ತಾನೇ ಒತ್ತಿದನು. ಆ ಕೆಲಸಕ್ಕೆ ಹೆಂಡತಿಯನ್ನು ಕೂಡ್ರಿಸಿ ತಾನು ದೇವರ ದರ್ಶನಕ್ಕೆ ಎದ್ದು ಹೋಗಲಿಲ್ಲ. ಸೊಸೆಯೂ ಒಬ್ಬ ತಾಯಿಯ ಮಗಳು. ಆಕೆಯ ಕಣ್ಣೀರಿನಿಂದ ಕಲಿಸಿದ ಹಿಟ್ಟಿನ ರೊಟ್ಟಿಯನ್ನು ಪ್ರಸಾದವೆನ್ನಲು ನಮಗೆ ಬಾಯಿ ಬಾರದು.

ಈಗ ಅಧಿಕಾರಿಗಳ ಕಡೆಗೆ ತಿರುಗೋಣ. ತಂದೆ-ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಸಲುವಾಗಿ ನಮ್ಮ ದೇಶದಲ್ಲಿ 2007ರಲ್ಲಿ ಒಂದು ಕಾಯಿದೆಯು ಆಗಿದೆ. ಮಕ್ಕಳು ನೋಡಿಕೊಳ್ಳದಿದ್ದರೆ ವೃದ್ಧರು ಉಪವಿಭಾಗದ ಅಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಂಡಳಿಯು ತಿಂಗಳಿಗೆ 10,000 ರೂಪಾಯಿಗಳ ಮಿತಿಯೊಳಗೆ ಜೀವನಾಂಶವನ್ನು ಕೊಡಿಸಬಹುದು. ನೋಟೀಸು ಮುಟ್ಟಿದ 90 ದಿನಗಳೊಳಗೆ ಸಾಮಾನ್ಯವಾಗಿ ನಿರ್ಣಯವಾಗಬೇಕು. ನೋಡಿಕೊಳ್ಳುವ ಕರಾರಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಬಳಿಕ ಕೈಬಿಟ್ಟರೆ ಆ ಬರವಣಿಗೆಯನ್ನೇ ರದ್ದು ಮಾಡಲು ಅವಕಾಶವಿದೆ. ಇಂಥ ಕಾಯಿದೆಯು ಬೇಕಾಯಿತೆಂಬದು ನಮಗೆ ನಾಚಿಕೆಯ ಸಂಗತಿ; ಆದರೂ ಅದು ಇರುವದು ಒಳ್ಳೆಯದೇ. ಅರ್ಜಿಯನ್ನು ಹಿಡಿದು ಕಚೇರಿಯ ಮೆಟ್ಟಿಲೇರುವ ಮುದುಕನನ್ನು “ನಾಳೆ ಬಾ” ಎಂದು ಕಳಿಸುವ ಮುಂಚೆ ಗುಮಾಸ್ತನು ಒಂದು ಕ್ಷಣ ವಿಚಾರಿಸಲಿ. ಮಗನ ಮೇಲೆ ಅರ್ಜಿ ಬರೆಯಿಸುವ ಕೈಯು ಎಷ್ಟು ಸಲ ನಡುಗಿದ್ದೀತು! ಆತನಿಗೊಂದು ಕುರ್ಚಿ, ಒಂದು ತಂಬಿಗೆ ನೀರು, ಒಂದು ಸರಳವಾದ ಉತ್ತರ ಕೊಡುವದಕ್ಕೆ ಸರಕಾರದ ಮಂಜೂರಾತಿಯು ಬೇಕಾಗಿಲ್ಲ.

ಆದರೆ ಕಾಯಿದೆಯ ಶಕ್ತಿಗೂ ಒಂದು ಎಲ್ಲೆಯಿದೆ. ಅದು ಹಣವನ್ನು ಕೊಡಿಸೀತು. ಸಂಜೆಯಲ್ಲಿ ಬದಿಗೆ ಕುಳಿತು ಮಾತಾಡಿಸುವವರನ್ನು ಕೊಡಿಸಲಾರದು. ನಾಗನೂರಿನ ಸುತ್ತುಮುತ್ತಣ ನೆಲವು ಕಬ್ಬನ್ನು ಬೆಳೆಯುವಂಥದು. ಘಟಪ್ರಭೆಯ ಕಾಲುವೆಗಳು ಈ ಸೀಮೆಗೆ ನೀರನ್ನೂ ಅದರ ಕೂಡ ರೊಕ್ಕವನ್ನೂ ತಂದಿವೆ. ರೊಕ್ಕ ಬಂದಲ್ಲಿ ಪಾಲೂ ಬರುತ್ತದೆ. ಅಣ್ಣ-ತಮ್ಮಂದಿರು ಹೊಲವನ್ನು ಹಂಚಿಕೊಳ್ಳುತ್ತಾರೆ, ಬಾವಿಯನ್ನು ಹಂಚಿಕೊಳ್ಳುತ್ತಾರೆ. ಕಡೆಗೆ ಅವ್ವನನ್ನೂ ಹಂಚಿಕೊಳ್ಳುತ್ತಾರೆ—ಆರು ತಿಂಗಳು ಹಿರಿಯನಲ್ಲಿ, ಆರು ತಿಂಗಳು ಕಿರಿಯನಲ್ಲಿ. ಇದು ಒಂದು ಊರಿನ ಸಂಗತಿಯಲ್ಲ. ಬೆಳಗಾವಿಯಿಂದ ಬೆಂಗಳೂರಿನ ವರೆಗೆ, ಓದಿದವರ ಮನೆಗಳಲ್ಲಿ ಇನ್ನೂ ಹೆಚ್ಚಾಗಿ, ನಡೆದ ಸಂಗತಿಯು. ಪಾಲು ಆಗಬಾರದೆಂದು ನಾವು ಹೇಳುವದಿಲ್ಲ. ಹೊಲದಲ್ಲಿ ಬದು ಬೀಳಲಿ. ಅವ್ವನು ಯಾರಲ್ಲಿಗೆ ಬಂದರೂ ತನ್ನ ಮನೆಗೆ ಬಂದಂತೆ ಬರಲಿ, ಪಾಳಿಯ ಮೇಲೆ ಬಂದಂತೆ ಬಾರದಿರಲಿ.

ನಾವು ಕೇಳುವದು ದೊಡ್ಡದೇನೂ ಅಲ್ಲ. ಸಭೆ ಕೂಡಿಸುವದು ಬೇಡ, ಠರಾವು ಪಾಸು ಮಾಡುವದು ಬೇಡ. ಈ ಪತ್ರಿಕೆಯನ್ನು ಓದಿ ಮುಗಿಸಿದ ಬಳಿಕ ವಾಚಕರು ಒಳಗೆ ಹೋಗಿ, ತಮ್ಮ ಸಲುವಾಗಿ ಉಳಿದೆಲ್ಲರ ಹಿಂದೆ ಉಣ್ಣಲು ಕುಳ್ಳಿರುವವರು ಯಾರಿದ್ದಾರೋ ಅವರನ್ನು “ಉಂಡೆಯಾ?” ಎಂದು ಕೇಳಲಿ. ದೂರದ ಊರಿನಲ್ಲಿ ಇರುವವರು ಟೆಲಿಫೋನಿನಿಂದ ಕೇಳಲಿ. ಕೇಳಿ, ಉತ್ತರ ಬರುವ ವರೆಗೆ ಕಾಯಲಿ. ಆಮೇಲೆ ಅವಶ್ಯವಾಗಿ ಪಂಢರಪುರಕ್ಕೆ ಹೋಗಲಿ, ಶ್ರೀಶೈಲಕ್ಕೆ ಹೋಗಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗಲಿ. ತಡವಾಯಿತೆಂದು ದೇವರು ಬೇಸರಪಡಲಿಕ್ಕಿಲ್ಲ. ಮನೆಯ ಸೇವೆಯು ಮುಗಿಯುವ ವರೆಗೆ ನಿಲ್ಲುವದು ಆತನಿಗೆ ರೂಢಿಯೇ ಇದೆ. ನಮ್ಮ ಅವ್ವಂದಿರಿಗೆ ಮಾತ್ರ ಅಷ್ಟು ಕಾಲ ನಿಲ್ಲುವದು ಆಗದು.